ಉದ್ದ ಕಾರ್ತೂಸು, ಮೆತ್ತನೆಯ ರೊಟ್ಟಿ

ಭಾಲ್ಕಿ, ಔರಾದ: ಹೊರಡುವ ಮುನ್ನ

ಅಮೆರಿಕಕ್ಕೆ ಹೋಗಿ ಬಂದವರು ಜಲಪಾತದ ಕಥೆ ಹೇಳುತ್ತಾರೆ, ಮುಗಿಲು ಮುಟ್ಟುವ ಕಟ್ಟಡಗಳ ಕಥೆ ಹೇಳುತ್ತಾರೆ. ನಾನು ಅವ್ಯಾವನ್ನೂ ನೋಡಲಿಲ್ಲ. ಒಬ್ಬ ಮುದುಕಿಯ ಬಂದೂಕು ಸಿಕ್ಕಿಹಾಕಿಕೊಳ್ಳುವುದನ್ನು ನೋಡಿದೆ. ಅದನ್ನು ಬಿಡಿಸುವ ಗದ್ದಲದಲ್ಲೇ ನನ್ನ ಪ್ರವಾಸ ಮುಗಿಯಿತು. ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ. ಅವರು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ನಾನು ಶಾಂತಾಬಾಯಿ. ಭಾಲ್ಕಿಯ ಹುಡುಗಿಯರ ಶಾಲೆಯಲ್ಲಿ ಕಸರತ್ತು ಕಲಿಸುವ ಟೀಚರಾಗಿದ್ದು ನಿವೃತ್ತಳಾದವಳು. ಶಾಂತಿ ಹೆಸರಿನಲ್ಲಿ ಮಾತ್ರ ಇದೆ. ಸೀಟಿ ಊದಿ, ಕೂಗಿ, ದನಿ ಎಂದೋ ಒಡೆದುಹೋಗಿದೆ. ನನ್ನ ಅಕ್ಕನ ಮಗಳು ಸುಜಾತಾ ಅಮೆರಿಕದ ನ್ಯೂ ಮೆಕ್ಸಿಕೊ ಎಂಬ ಸೀಮೆಯಲ್ಲಿ ನರ್ಸ್. ‘ಬಾ ಮೌಶಿ, ಬಾ ಮೌಶಿ’ ಎಂದು ಕರೆಯುತ್ತಲೇ ಇದ್ದಳು. ಕಡೆಗೆ ಹೊರಟದ್ದು ನೋಡಿದರೆ ಬರದ ವರ್ಷ. ಕಾರಂಜಾ ಜಲಾಶಯದ ತಳ ಕಾಣುತ್ತಿತ್ತು. ಔರಾದ ಕಡೆಯ ತಾಂಡಾಗಳಲ್ಲಿ ಜನ ಮನೆಗಳಿಗೆ ಬೀಗ ಜಡಿದು ಹೈದರಾಬಾದು, ಪುಣೆ ಎಂದು ಗಂಟುಮೂಟೆ ಕಟ್ಟಿದ್ದರು. ಅಂಥದ್ದರಲ್ಲಿ ನಾನು ವಿಮಾನ ಹತ್ತುವುದು ನನಗೇ ಸರಿ ಕಾಣಲಿಲ್ಲ. ನನ್ನ ಯಜಮಾನರು ಮಾಧವರಾಯರು ಮಾತ್ರ ಬಹಳ ಉತ್ಸಾಹದಿಂದಿದ್ದರು.

“ನೀ ಹೋದ್ರ ದಿನಾ ಎರಡ ಕೊಡ ನೀರು ಉಳಿತಾವ. ಆರಾಮ ಹೋಗಿ ಬಾ,” ಎಂದರು.

ಹೊರಡುವ ಮೊದಲು ಔರಾದಿನ ತವರಿಗೆ ಹೋಗಿ ಆಯಿಯನ್ನು ನೋಡಿ ಬಂದೆ. ಆಯಿ ಎಂದರೆ ನನ್ನ ತಾಯಿ. ತೊಂಬತ್ತು ದಾಟಿದ ಜೀವ, ಬಾಯಲ್ಲಿ ಒಂದು ಹಲ್ಲಿಲ್ಲ. ಅಣ್ಣನ ಮನೆಗೆ ಹೊಸದಾಗಿ ಬಂದಿದ್ದ ಸೊಸೆ ಪಾಪ, ಅತ್ತೆಯ ಅತ್ತೆಗೆ ಅಗಿಯಲು ಆಗುವುದಿಲ್ಲವೆಂದು ಅಂಗೈಯಗಲದ ಪುಟ್ಟ ರೊಟ್ಟಿ ತಟ್ಟಿ ಬಡಿಸಿದಳು. ಆಯಿ ತಾಟನ್ನು ದೂರ ನೂಕಿದಳು.

“ಹಲ್ಲು ಹೋಗ್ಯಾವ, ನಾ ಏನು ಕೂಸಾಗೇನಿ?”

ನಮ್ಮ ಮನೆಯ ಕಟ್ಟಳೆ ಆ ಹುಡುಗಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹಿರಿಯರಿಗೆ ಸಣ್ಣ ರೊಟ್ಟಿ ತಟ್ಟುವುದಿಲ್ಲ. ಅಳತೆ ಎಲ್ಲರಿಗೂ ಒಂದೇ, ತಾಟಿನ ತುಂಬ. ಹಲ್ಲಿಲ್ಲದವರಿಗೆ ಹಿಟ್ಟನ್ನು ಬಿಸಿನೀರಿನಲ್ಲಿ ಇನ್ನಷ್ಟು ನಾದಿ, ತವೆಯಿಂದ ಬೇಗ ಇಳಿಸಿ, ಮೆತ್ತಗೆ ಮಾಡಿ ಕೊಡಬೇಕು. ಆ ದಿನ ನಾನೇ ಒಲೆಯ ಮುಂದೆ ಕೂತು ಒಂದು ದೊಡ್ಡ ರೊಟ್ಟಿ ತಟ್ಟಿಕೊಟ್ಟೆ. ಆಯಿ ಅರ್ಧ ತಿಂದು ಅರ್ಧ ಬಿಟ್ಟಳು, ಸಮಾಧಾನದಿಂದ ಕೈ ತೊಳೆದಳು.

ವಿಮಾನ ನಿಲ್ದಾಣ: ನಾಯಿ ಮತ್ತು ಕಡಕ್ ರೊಟ್ಟಿ

ಅಮೆರಿಕದ ನೆಲದಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಒಂದು ನಾಯಿ. ಸಾಮಾನು ಬರುವ ಜಾಗದಲ್ಲಿ ಅದು ಎಲ್ಲರ ಚೀಲ ಮೂಸುತ್ತ ಬಂದು ನನ್ನ ಚೀಲದ ಮುಂದೆ ಕೂತೇಬಿಟ್ಟಿತು. ಹಿಂದಿದ್ದ ಪೊಲೀಸಿನವನು ಚೀಲ ಬಿಚ್ಚಿಸಿದ. ಒಳಗೆ ಸೀರೆ, ಕ್ಯಾನ್ವಾಸ್ ಬೂಟು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಅಟ್ಟಿ.

ಅವನು ಒಂದು ರೊಟ್ಟಿ ಎತ್ತಿ ಉಗುರಿನಿಂದ ಬಡಿದು ನೋಡಿದ. ತಗಡಿನ ಹಾಗೆ ಸದ್ದಾಯಿತು. ಇದೇನು ಎಂದು ಕೇಳಿದ. ಊಟ ಎಂದೆ. ನಂಬಲಿಲ್ಲ. ನಾನು ಅಲ್ಲೇ ಒಂದು ತುಂಡು ಮುರಿದು ಕಟುಂ ಕಟುಂ ಎಂದು ತಿಂದು ತೋರಿಸಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ನಗುತ್ತ ಹೋಗು ಎಂದ. ನಾಯಿ ಮಾತ್ರ ಬಹಳ ಹೊತ್ತು ಹಿಂತಿರುಗಿ ನೋಡುತ್ತಿತ್ತು.

ಕೆಂಪು ಮಣ್ಣಿನ ಊರು

ಸುಜಾತಾಳ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಬಗ್ಗುವುದಿಲ್ಲ. ಆದರೆ ಮಣ್ಣು ಕಂಡಾಗ ಜೀವಕ್ಕೆ ಹಾಯೆನಿಸಿತು. ಬೀದರಿನ ಕೋಟೆಯ ಸುತ್ತ ಇರುವಂಥದೇ ಕೆಂಪು ಮಣ್ಣು. ಬಿಸಿಲೂ ನಮ್ಮದೇ. ನಾವು ಮೆಣಸಿನಕಾಯಿಯನ್ನು ಅಂಗಳದಲ್ಲಿ ಹರವುತ್ತೇವೆ. ಅವರು ಮಾಲೆ ಕಟ್ಟಿ ಬಾಗಿಲ ಪಕ್ಕ ತೂಗುಬಿಡುತ್ತಾರೆ. ಬರವೂ ನಮ್ಮದೇ. ದಾರಿಯಲ್ಲಿ ಎಷ್ಟೋ ಹೊಲಮನೆಗಳ ಗೇಟಿಗೆ ಬೀಗ, ಮಾರಾಟಕ್ಕಿದೆ ಎಂಬ ಹಲಗೆ. ಮೇವಿಲ್ಲದೆ ದನ ಮಾರಿದವರು ಕೂಲಿ ಹುಡುಕಿಕೊಂಡು ಪಟ್ಟಣ ಸೇರಿದ್ದರಂತೆ. ಇಷ್ಟು ದೂರ ಬಂದು ಮತ್ತೆ ಬೀಗ ಹಾಕಿದ ಮನೆಗಳನ್ನೇ ನೋಡಬೇಕಾಯಿತಲ್ಲ ಎಂದು ಸಂಕಟವಾಯಿತು.

ಅಲ್ಲಿಯವರ ಒಂದು ರೂಢಿ ನನಗೆ ಬಹಳ ಹಿಡಿಸಿತು. ಎದುರಿಗೆ ಬರುವ ಗಾಡಿಯವನು ಗುರುತಿರಲಿ ಇಲ್ಲದಿರಲಿ, ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾನೆ. ನಾನು ಪ್ರತಿಯೊಬ್ಬರಿಗೂ ಎರಡೂ ಕೈ ಜೋಡಿಸತೊಡಗಿದೆ.

“ಮೌಶಿ, ಒಂದ ಬಟ್ಟು ಸಾಕು. ಅವರು ಗಾಡಿ ನಿಂದ್ರಸ್ತಾರ ನೋಡು,” ಎಂದಳು ಸುಜಾತಾ. ಒಬ್ಬ ನಿಜಕ್ಕೂ ನಿಲ್ಲಿಸಿದ. ಏನಾದರೂ ತೊಂದರೆಯೇ ಎಂದು ವಿಚಾರಿಸಿದ.

ಸುಜಾತಾ ಇದ್ದದ್ದು ಡೋರಾ ಎಂಬ ಮುದುಕಿಯ ಮನೆಯ ಹಿತ್ತಲಿನ ಕೋಣೆಗಳಲ್ಲಿ. ಡೋರಾಗೆ ಎಂಬತ್ತರ ಹತ್ತಿರ. ಕಡ್ಡಿಯಂಥ ಮೈ, ಗಂಡಸರ ಹ್ಯಾಟು. ಗಂಡ ವಾಲ್ಟ್ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಾನು ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದ್ದನ್ನು ನೋಡಿ ಆಕೆ, ಆಕೆಯ ಗಂಡಸರ ಹ್ಯಾಟನ್ನು ನೋಡಿ ನಾನು, ಆ ಕ್ಷಣವೇ ಗೆಳತಿಯರಾದೆವು. ಆಕೆಯ ಇಂಗ್ಲಿಷು ಮೂಗಿನಿಂದ ಬರುತ್ತಿತ್ತು. ನನ್ನ ಕಿವಿ ಅದನ್ನು ಹೇಗೋ ಔರಾದಿನ ಮಾತು ಮಾಡಿಕೊಂಡು ಕೇಳಿಸುತ್ತಿತ್ತು. ಹಾಗೆ ಕೇಳಿಸಿದಂತೆಯೇ ಬರೆಯುತ್ತೇನೆ.

ಡೋರಾಬಾಯಿಯ ಶೆಡ್ಡು

ಮನೆಯ ಪಕ್ಕದ ಶೆಡ್ಡಿನಲ್ಲಿ ವಾಲ್ಟನ ಬಂದೂಕಿತ್ತು. ಬೀದರಿನಲ್ಲಿ ಕಾಲೇಜು ಓದುವಾಗ ಎನ್.ಸಿ.ಸಿ. ಶಿಬಿರದಲ್ಲಿ ನಾನೂ ರೈಫಲ್ ಹಿಡಿದವಳೇ. ಆದರೆ ಇಂಥದ್ದು ಕಂಡಿರಲಿಲ್ಲ. ಕುದುರೆ ಸವಾರ ಕಾಲಿಡುವ ರಿಕಾಪಿನಂಥ ಒಂದು ಹಿಡಿ ಅಡಿಯಲ್ಲಿರುತ್ತದೆ. ಅದನ್ನು ಕೆಳಗೆ ನೂಕಿದರೆ ಹೊಡೆದು ಖಾಲಿಯಾದ ಚಿಪ್ಪು ಹೊರಗೆ ಹಾರುತ್ತದೆ. ಮೇಲೆ ಎಳೆದರೆ ಹೊಸ ಕಾರ್ತೂಸು, ಎಂದರೆ ಮದ್ದು ಗುಂಡು ತುಂಬಿದ ಚಿಪ್ಪು, ನಳಿಗೆಯೊಳಗೆ ಸೇರುತ್ತದೆ. ಕಾರ್ತೂಸುಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಒಂದು ಪುಟ್ಟ ಪಟ್ಟಿ ಅವುಗಳನ್ನು ಒಂದೊಂದಾಗಿ ತೊಟ್ಟಿಲಲ್ಲಿ ಎತ್ತಿದ ಹಾಗೆ ಮೇಲೆತ್ತುತ್ತದೆ.

ಈ ಬಂದೂಕಿಗೆ ಎರಡು ಜಾತಿಯ ಕಾರ್ತೂಸು ಹೊಂದುತ್ತಿದ್ದವು. ಎರಡೂ ಒಂದೇ ದಪ್ಪ. ಒಂದು ಉದ್ದ, ಅದರಲ್ಲಿ ಮದ್ದು ಜೋರು. ಇನ್ನೊಂದು ಗಿಡ್ಡ, ಮದ್ದು ಕಡಿಮೆ. ಡೋರಾ ಅವನ್ನು ಅಂಗಡಿಯಲ್ಲಿ ಕೊಳ್ಳುವವಳಲ್ಲ. ಖಾಲಿ ಹಿತ್ತಾಳೆಯ ಚಿಪ್ಪಿಗೆ ತಾನೇ ಮದ್ದು ತುಂಬಿ, ಮೇಲೆ ಸೀಸದ ಗುಂಡು ಕೂಡಿಸಿ, ಮೇಜಿಗೆ ಬಿಗಿದ ಯಂತ್ರದಲ್ಲಿ ಒತ್ತುತ್ತಿದ್ದಳು. ನನ್ನನ್ನೂ ಯಂತ್ರದ ಹಿಡಿಗೆ ನಿಲ್ಲಿಸಿದಳು. ಶ್ಯಾವಿಗೆ ಒತ್ತಿ ಬೆಳೆದ ತೋಳು ನನ್ನದು, ಚೆನ್ನಾಗಿ ಒಗ್ಗಿತು.

“ತ್ರಿಶರಣ ಹೇಳೋ ಬಾಯಿ, ಕೈಯಾಗ ಕಾರತೂಸು. ಔರಾದಿಗೆ ಫೋನ್ ಹಚ್ಚಿ ಆಯಿಗೆ ಹೇಳ್ತೇನಿ,” ಎಂದು ಸುಜಾತಾ ಕಾಡಿದಳು. ನಮ್ಮದು ಬೌದ್ಧರ ಮನೆತನ, ಪ್ರಾಣಿಹಿಂಸೆ ಇಲ್ಲ.

“ಹೊಡಿಯೋದು ತಗಡಿಗವ್ವಾ. ತಗಡಿಗೆ ಜೀವ ಇರಂಗಿಲ್ಲ,” ಎಂದೆ. ಅದು ನಿಜವೇ. ಅವರ ಕ್ಲಬ್ಬಿನಲ್ಲಿ ಹಳೆಯ ಕಾಲದ ಉಡುಪು ಹಾಕಿಕೊಂಡು ಸಾಲಾಗಿ ನಿಲ್ಲಿಸಿದ ಉಕ್ಕಿನ ತಗಡುಗಳಿಗೆ ಗುರಿ ಇಡುತ್ತಾರೆ, ಅಷ್ಟೆ.

ಡೋರಾಳ ಚಿಂತೆ ಬೇರೆಯಿತ್ತು. ಹಿಂದಿನ ಚಳಿಗಾಲದಲ್ಲಿ ಜಾರಿ ಬಿದ್ದು ಭುಜದ ಎಲುಬು ಮುರಿದುಕೊಂಡಿದ್ದಳು. ಕೂಡಿಕೊಂಡಿತ್ತು, ಆದರೆ ಉದ್ದ ಕಾರ್ತೂಸಿನ ಒದೆತ ತಾಳುತ್ತಿರಲಿಲ್ಲ. ಅವಳನ್ನು ನೋಡಿಕೊಂಡಿದ್ದ ಸುಜಾತಾ ಉದ್ದದ್ದನ್ನು ಮುಟ್ಟಲೇಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. ಡೋರಾ ಗಿಡ್ಡದಕ್ಕೆ ಇಳಿದಳು. ಗಿಡ್ಡದ್ದು ಹಾಕಿದರೆ ವಾಲ್ಟನ ಆ ಹಳೆಯ ಬಂದೂಕು ನಡುವೆಯೇ ನಿಂತುಬಿಡುತ್ತಿತ್ತು.

ವಾಲ್ಟನ ಅಣ್ಣನ ಮಗ ಕ್ಲೈಡ್ ಎಂಬವನಿದ್ದ. ಒಳ್ಳೆಯವನು, ಚಿಕ್ಕಮ್ಮನ ಮೇಲೆ ಪ್ರೀತಿಯಿದ್ದವನು. ಹಳೆಯ ಬಂದೂಕುಗಳನ್ನು ಗಾಜಿನ ಕಪಾಟಿನಲ್ಲಿ ಇಡುವ ಹುಚ್ಚು ಅವನಿಗೆ. ಡೋರಾ ಅವನಿಗೆ ಮಾತು ಕೊಟ್ಟಿದ್ದಳು. ಈ ಸಲದ ಪಂದ್ಯದಲ್ಲಿ ಒಂದು ಸುತ್ತು, ಹತ್ತು ಗುಂಡು, ಬಂದೂಕು ಎಲ್ಲೂ ನಿಲ್ಲದೆ ಮುಗಿಸಿದರೆ ಅದು ತನ್ನ ಹತ್ತಿರವೇ ಇರುತ್ತದೆ. ನಿಂತರೆ ಅವನು ಒಯ್ಯಬಹುದು.

“ನಮ್ಮ ಮನಿಯವರು ಹೋದ ಮ್ಯಾಲ ನಾ ಮಾತಾಡೋದು ಇದರ ಕೂಡನ,” ಎಂದಳು ಬಂದೂಕನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತ. “ಗಾಜಿನ ಕಪಾಟದಾಗ ಇಟ್ರ ಇದೂ ಹಾರ ಹಾಕಿದ ಫೋಟೋ ಆಗ್ತದ.”

ಹಾರ ಹಾಕಿದ ಫೋಟೋ ಎಂದದ್ದು ನನ್ನ ಕಿವಿಯ ಸೇರ್ಪಡೆ ಇರಬೇಕು. ಅರ್ಥ ಮಾತ್ರ ಅದೇ.

ಮೈದಾನ: ತಾಲೀಮಿನ ದಿನ

ಪಂದ್ಯಕ್ಕೆ ಒಂದು ವಾರ ಮೊದಲು ಅಭ್ಯಾಸಕ್ಕೆ ಹೋದೆವು. ಕ್ಲೈಡನೂ ಬಂದಿದ್ದ. ಮುದುಕರೆಲ್ಲ ಹ್ಯಾಟು, ಬೂಟು, ಜೇಬುಗಡಿಯಾರದ ಸರಪಳಿ ಹಾಕಿಕೊಂಡು ಮದುವಣಿಗರಾಗಿದ್ದರು. ನನ್ನ ಕಾಟನ್ ಸೀರೆ ನೋಡಿ ಒಬ್ಬ ಅಜ್ಜ, ಇದು ಯಾವ ಕಾಲದ ವೇಷ ಎಂದು ವಿಚಾರಿಸಿದ. ನಿನ್ನೆಯದು, ಇಸ್ತ್ರಿ ಮಾಡಿಲ್ಲ ಎಂದೆ.

ಡೋರಾ ಕಾರ್ತೂಸಿನ ಡಬ್ಬಿಯನ್ನೂ ಬಂದೂಕನ್ನೂ ಮೇಜಿನ ಮೇಲಿಟ್ಟು, ಕೊಳವೆ ತುಂಬು ಎಂದು ನನಗೆ ಹೇಳಿ, ಯಾರನ್ನೋ ಮಾತಾಡಿಸಲು ತಿರುಗಿದಳು. ಡಬ್ಬಿಯಲ್ಲಿ ಗಿಡ್ಡ ಕಾರ್ತೂಸಿನ ಜೊತೆ ಹಿಂದೆಂದೋ ಉಳಿದಿದ್ದ ಕೆಲವು ಉದ್ದದ್ದೂ ಇದ್ದವು. ನಮ್ಮಲ್ಲಿ ಬರಗಾಲದಲ್ಲಿ ಬೀಸುವಾಗ ಜೋಳವನ್ನೇ ಮೊದಲು ಮುಗಿಸಿ ಆಮೇಲೆ ಸಜ್ಜೆಗೆ ಕೈ ಹಾಕುವುದಿಲ್ಲ. ಎರಡನ್ನೂ ಬೆರೆಸಿಯೇ ಬೀಸುತ್ತೇವೆ. ಯಾವ ದಿನದ ರೊಟ್ಟಿಯೂ ಬಡವಾಗಬಾರದು. ನನ್ನ ಕೈ ಅದನ್ನೇ ಮಾಡಿತು. ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ ಎಂದು ಮುತ್ತಿನ ಸರ ಪೋಣಿಸಿದಂತೆ ತುಂಬಿ ಹೆಮ್ಮೆಯಿಂದ ನಿಂತೆ.

ಮೊದಲನೆಯದು ಉದ್ದ, ಭುಜಕ್ಕೆ ಒದೆಯಿತು. ಡೋರಾ ಹಲ್ಲು ಕಚ್ಚಿದಳು. ಎರಡನೆಯದಕ್ಕೆ ಹಿಡಿ ನೂಕಿದಳು, ಅದು ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಮೇಲೂ ಹೋಗದು, ಕೆಳಗೂ ಬಾರದು. ಮೈದಾನ ನೋಡಿಕೊಳ್ಳುವ ಅಜ್ಜ ಎಲ್ಲರಿಗೂ ಕೈ ಎತ್ತಿ ನಿಲ್ಲಿಸಿದ. ಕ್ಲೈಡ್ ಬಂದು, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೇ ಇಟ್ಟುಕೊಂಡು, ಸ್ಕ್ರೂಡ್ರೈವರಿನಿಂದ ತಿವಿದು ತಿವಿದು ಬಿಡಿಸಿದ. ನನ್ನ ಸರಮಾಲೆ ಹೊರಬಂದಾಗ ಎಲ್ಲರೂ ಅದನ್ನೇ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೆ ಎನಿಸಿತು.

“ನನ್ನಿಂದ ಆಯ್ತರಿ ಡೋರಾಬಾಯಿ,” ಎಂದೆ.

“ನಿನ್ನಿಂದಲ್ಲ. ನೀ ಬೆರಸಿದ್ದಕ್ಕ ಲಗೂನ ನಿಂತ್ತು. ಬರೇ ಗಿಡ್ಡ ಹಾಕಿದ್ರ ಐದಾರು ಹೊಡದ ಮ್ಯಾಲ ನಿಲ್ತದ, ಇಷ್ಟ ಫರಕ,” ಎಂದಳು.

ಯಾಕೆ ನಿಲ್ಲುತ್ತದೆಂದು ಕ್ಲೈಡ್ ತೋರಿಸಿಕೊಟ್ಟ. ಆ ಎತ್ತುವ ಪಟ್ಟಿಯ ಜಾಗ ಉದ್ದ ಕಾರ್ತೂಸಿನ ಅಳತೆಗೆ ಮಾಡಿದ್ದು. ಗಿಡ್ಡದ್ದು ಬಂದು ಮಲಗಿದರೆ ಸ್ವಲ್ಪ ಸ್ಥಳ ಉಳಿಯುತ್ತದೆ. ಅಲ್ಲಿಗೆ ಹಿಂದಿನ ಕಾರ್ತೂಸು ತಲೆ ತೂರಿಸುತ್ತದೆ. ಪಟ್ಟಿ ಮೇಲೇಳಲು ಆಗುವುದಿಲ್ಲ. ನನಗೆ ಥಟ್ಟನೆ ತಿಳಿಯಿತು. ಭಾಲ್ಕಿಯಿಂದ ಕಮಲನಗರಕ್ಕೆ ಹೋಗುವ ಟಂಟಂ ಆಟೋದಲ್ಲಿ ದಿನಾ ನೋಡಿದ್ದೇನೆ. ಸೀಟಿನಲ್ಲಿ ಸಣಕಲ ಒಬ್ಬ ಕೂತು ನಾಲ್ಕು ಬೆರಳು ಜಾಗ ಉಳಿಯಿತೋ, ಹೊರಗಿದ್ದವನು ಅರ್ಧ ಕುಂಡೆ ತೂರಿಸಿಯೇ ಸೈ. ಆಮೇಲೆ ಅವನು ಒಳಗೂ ಇಲ್ಲ, ಹೊರಗೂ ಇಲ್ಲ, ಗಾಡಿ ಹೊರಡುವುದಿಲ್ಲ.

ಮನೆಗೆ ಮರಳುವಾಗ ಡೋರಾ ಎದುರು ಬಂದವರಿಗೆ ಬೆರಳೂ ಎತ್ತಲಿಲ್ಲ. ಗೇಟಿನ ಹತ್ತಿರ ಕ್ಲೈಡನಿಗೆ, ಪಂದ್ಯದ ದಿನ ಬರುವಾಗ ಬಂದೂಕಿನ ಪೆಟ್ಟಿಗೆ ತಂದುಬಿಡು ಎಂದಳು.

ಸುಜಾತಾಳ ಅಡುಗೆಮನೆ

ಕ್ಲೈಡ್ ಹೊರಟುಹೋದ ಮೇಲೆ ನಾನು ಸುಜಾತಾಳನ್ನು ಕೇಳಿದೆ, ಬೇರೆ ದಾರಿಯೇ ಇಲ್ಲವೆ ಎಂದು. ಇದೆ ಎಂದಳು. ಉದ್ದ ಚಿಪ್ಪಿಗೇ ಗಿಡ್ಡದರ ಅಳತೆಯಷ್ಟು ಮದ್ದು ತುಂಬಿದರೆ ಬಂದೂಕು ನಿಲ್ಲುವುದಿಲ್ಲ, ಭುಜಕ್ಕೂ ಒದೆತವಿಲ್ಲ. ಇದು ಹೊಸ ಸಂಶೋಧನೆಯೇನಲ್ಲ. ಕ್ಲಬ್ಬಿನ ಅರ್ಧ ಮುದುಕರು ಹೀಗೇ ಮಾಡುತ್ತಾರೆ. ಯಾವ ಮದ್ದು, ಎಷ್ಟು ಎನ್ನುವುದೆಲ್ಲ ಅವರಿಗೆ ರೂಢಿಯಾದದ್ದು.

“ಮತ್ತ ಆಕಿ ಯಾಕ ಮಾಡವಲ್ಲಳು?”

“ಮರ್ಯಾದಿ, ಮೌಶಿ. ಜಲ್ಮ ಎಲ್ಲಾ ಅಂಥವರಿಗೆ ನಕ್ಕಾಳ. ಮುದುಕರ ಪಟಾಕಿ ಅಂತಿದ್ರಂತ, ವಾಲ್ಟೂ ಈಕಿನೂ. ಗಿಡ್ಡದ್ದು ಗಿಡ್ಡ ಅಂತ ಎದುರಿಗೆ ಕಾಣಸ್ತದ, ಅದು ಖರೇ. ಉದ್ದದರಾಗ ಅರ್ಧಾ ತುಂಬೋದು ಮೋಸ ಅಂತಾಳ.”

ಮರುದಿನ ಡೋರಾಳನ್ನು ಊಟಕ್ಕೆ ಕರೆದೆವು. ದೂರದ ಪಟ್ಟಣದಿಂದ ತರಿಸಿದ ಜೋಳದ ಹಿಟ್ಟಿತ್ತು. ನಾನು ಬದನೆಕಾಯಿ ಪಲ್ಯಕ್ಕೆ ಅಲ್ಲಿಯ ಕೆಂಪು ಮೆಣಸಿನಕಾಯಿ ಅರೆದು ಹಾಕಿದೆ. ಖಾರ ನಮ್ಮದರ ಮುಂದೆ ಏನೇನೂ ಅಲ್ಲ, ಬಣ್ಣ ಮಾತ್ರ ಭೇಷ್. ಸುಜಾತಾ ರೊಟ್ಟಿ ತಟ್ಟಿದಳು. ಡೋರಾಳ ಒಂದು ಬದಿಯ ಹಲ್ಲು ಕಿತ್ತಿಸಿದ್ದು ಅವಳಿಗೆ ಗೊತ್ತು. ನರ್ಸಿನ ಕಳಕಳಿ ನೋಡಿ, ಅಂಗೈಯಗಲದ್ದೊಂದು ಬೇರೆಯಾಗಿ ಮಾಡಿ ಅವಳ ತಟ್ಟೆಗಿಟ್ಟಳು.

ಡೋರಾ ನನ್ನ ತಟ್ಟೆ ನೋಡಿದಳು. ಸುಜಾತಾಳ ತಟ್ಟೆ ನೋಡಿದಳು. ತನ್ನದನ್ನು ಒಂದು ಬೆರಳಿನಿಂದ ದೂರ ನೂಕಿದಳು.

“ಇದೇನು, ನಾ ಕೂಸೇನು?”

ನನಗೆ ನಗು ತಡೆಯಲಾಗಲಿಲ್ಲ. ಔರಾದಿನ ನಮ್ಮ ಆಯಿಯೇ ಹ್ಯಾಟು ಹಾಕಿಕೊಂಡು ಬಂದು ಕೂತ ಹಾಗಾಯಿತು. ಡೋರಾ ಇನ್ನೂ ಸಿಟ್ಟಾದಳು. ನಾನು ಕಣ್ಣೊರೆಸಿಕೊಂಡು ನಮ್ಮ ಮನೆಯ ಕಟ್ಟಳೆ ಹೇಳಿದೆ. ಎದ್ದು ಹೋಗಿ ಕುದಿನೀರು ಹಾಕಿ ಹಿಟ್ಟು ನಾದಿದೆ, ತಟ್ಟೆಯಗಲದ್ದು ತಟ್ಟಿದೆ, ಕಂದುವ ಮೊದಲೇ ಇಳಿಸಿ ಆಕೆಯ ಮುಂದಿಟ್ಟೆ.

“ಹಿರೇರಿಗೆ ಅಳತಿ ಕಡಿಮಿ ಮಾಡಂಗಿಲ್ರಿ ನಮ್ಮಲ್ಲಿ. ಮೆತ್ತಗ ಮಾಡ್ತೇವಿ. ಅದಕ್ಕ ಯಾರೂ ಮೋಸ ಅನ್ನಂಗಿಲ್ಲ,” ಎಂದೆ. ಕಡೆಯ ಮಾತು ಬೇಕೆಂದೇ ಸೇರಿಸಿದ್ದು.

ಡೋರಾ ಮುರಿದು, ಪಲ್ಯದಲ್ಲಿ ಅದ್ದಿ, ನಿಧಾನವಾಗಿ ಅಗಿದಳು. ಕಿಟಕಿಯಾಚೆ ಶೆಡ್ಡು ಕಾಣುತ್ತಿತ್ತು. ಅದನ್ನೇ ನೋಡುತ್ತ ರೊಟ್ಟಿ ಪೂರ್ತಿ ತಿಂದಳು. ಕೈ ತೊಳೆದು ಬಂದು, “ನಡಿ ಶಾಂತಾ, ಹಿಡಿ ಒತ್ತೂಣು,” ಎಂದಳು. ಶೆಡ್ಡಿನಲ್ಲಿ ಆಕೆ ಮೇಜಿನ ಮೇಲೆ ಸುರಿದದ್ದು ಉದ್ದ ಚಿಪ್ಪುಗಳನ್ನು. ನಾನು ಏನೂ ಕೇಳಲಿಲ್ಲ. ನನ್ನ ಸ್ವಭಾವಕ್ಕೆ ಅದು ದೊಡ್ಡ ಸಾಧನೆ.

ಸಂಜೆ ಮಾಧವರಾಯರಿಗೆ ಫೋನ್ ಮಾಡಿದೆ. ಮಳೆ ಬಂತೇ ಎಂದರೆ, ಮೋಡ ಬಂದು ಮೋರೆ ತೋರಿಸಿ ಹೋಗುತ್ತವೆ ಎಂದರು. ಟ್ಯಾಂಕರಿನ ಸಾಲಿನಲ್ಲಿ ನನ್ನ ಸೀಟಿ ಹಿಡಿದು ನಿಲ್ಲುತ್ತಾರಂತೆ. ಅದಕ್ಕೆ ಮಂದಿ ಹೆದರುತ್ತಾರಂತೆ. ನನಗೆ ಊರು ಬಹಳ ನೆನಪಾಯಿತು.

ಪಂದ್ಯದ ದಿನ

ಕ್ಲೈಡ್ ಪೆಟ್ಟಿಗೆ ತಂದಿದ್ದ. ಒಳಗೆ ಹಸಿರು ಮಖಮಲ್ಲು, ಬಂದೂಕಿನ ಆಕಾರಕ್ಕೆ ತಗ್ಗು. ಸುಜಾತಾ ನನ್ನ ಕೈ ಹಿಡಿದುಕೊಂಡಳು. ನಾನು ಈ ಸಲ ಕಾರ್ತೂಸಿನ ಡಬ್ಬಿಯ ಹತ್ತಿರ ಸುಳಿಯಲಿಲ್ಲ.

ಡೋರಾ ಉದ್ದ ಲಂಗ, ಕಸೂತಿಯ ಕುಪ್ಪಸ, ವಾಲ್ಟನ ಹ್ಯಾಟು ಹಾಕಿಕೊಂಡು ಗೆರೆಯ ಹಿಂದೆ ನಿಂತಳು. ಶುರು ಮಾಡು ಎಂಬ ಗಂಟೆಯ ಸದ್ದಾಯಿತು. ಬಂದೂಕು ಭುಜಕ್ಕೇರಿತು. ಟಪ್! ತಗಡು ಟಣ್ ಎಂದಿತು. ಹಿಡಿ ಕೆಳಗೆ, ಹಿಡಿ ಮೇಲೆ. ಟಪ್! ಟಣ್! ಚಿಪ್ಪುಗಳು ಬಿಸಿಲಲ್ಲಿ ಮಿಂಚುತ್ತ ಹಾರಿದವು. ಐದು ದಾಟಿತು, ಆರು ದಾಟಿತು. ಗಿಡ್ಡದ್ದು ನಿಲ್ಲುತ್ತಿದ್ದ ಜಾಗ ದಾಟಿದ್ದು ನೋಡಿ ನಾನು ಉಸಿರು ಬಿಟ್ಟೆ. ಎಂಟನೆಯ ಗುಂಡು ತಗಡಿಗೆ ತಾಗದೆ ದಿಬ್ಬದ ಮಣ್ಣು ಹಾರಿಸಿತು. ಆಕೆ ಲೆಕ್ಕಿಸಲಿಲ್ಲ. ಹತ್ತನೆಯದು ಮುಗಿದಾಗ ಹಿಡಿಯನ್ನು ಕೆಳಗೆ ತೆರೆದು, ಖಾಲಿಯಾದ ಬಂದೂಕನ್ನು ಮೇಜಿನ ಮೇಲೆ ಮಲಗಿಸಿದಳು.

ಒಮ್ಮೆಯೂ ನಿಲ್ಲಲಿಲ್ಲ. ನಾನು ಶಾಲೆಯ ಮೈದಾನದಲ್ಲಿ ಕೂಗುತ್ತಿದ್ದ ಹಾಗೆ “ಶಾಬಾಸ್!” ಎಂದು ಕೂಗಿದೆ. ಅಷ್ಟು ಸಂತೋಷ ನನ್ನ ಹುಡುಗಿಯರು ಖೋಖೋ ಗೆದ್ದಾಗಲೂ ಆಗಿರಲಿಲ್ಲ.

ಆದರೆ ಆ ಟಪ್ ಎಂಬ ಸಣ್ಣ ಸದ್ದನ್ನು ಎಲ್ಲರೂ ಕೇಳಿದ್ದರು. ಡೋರಾಳ ಬಂದೂಕು ಢಂ ಎನ್ನುವುದನ್ನು ಎಷ್ಟೋ ವರ್ಷ ಕೇಳಿದವರು ಅವರು; ಆಕೆಯಿಂದ ಮುದುಕರ ಪಟಾಕಿ ಎನ್ನಿಸಿಕೊಂಡವರೂ ಅವರೇ. ಒಬ್ಬನ ಮೀಸೆ ಆಗಲೇ ಕುಣಿಯುತ್ತಿತ್ತು. ಕ್ಲೈಡ್ ಬಗ್ಗಿ ಒಂದು ಖಾಲಿ ಚಿಪ್ಪು ಎತ್ತಿಕೊಂಡು, ಉದ್ದ ನೋಡಿ, ಮೂಸಿ ನೋಡಿದ.

“ಕಾಕೂ, ಇವು ಮೆತ್ತನವು ಅಲ್ಲೇನು?” ಎಂದು ಚಿಕ್ಕಮ್ಮನನ್ನು ಕೇಳಿದ.

ಡೋರಾ ಹ್ಯಾಟು ಹಿಂದಕ್ಕೆ ಸರಿಸಿದಳು.

“ಹೌದು, ಮೆತ್ತನವು,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಆದ್ರ ರೊಟ್ಟಿ ಸಣ್ಣದಲ್ಲ.”

ಅಲ್ಲಿದ್ದವರಿಗೆ ತಲೆಬುಡ ತಿಳಿಯಲಿಲ್ಲ. ಸುಜಾತಾ ಮತ್ತು ನಾನು ಮಾತ್ರ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಮಧ್ಯಾಹ್ನ ಕ್ಲೈಡ್ ಊರಿಗೆ ಹೊರಟಾಗ ಡೋರಾ ತನ್ನ ಬಾಗಿಲ ಪಕ್ಕದ ಮೆಣಸಿನಕಾಯಿ ಮಾಲೆಯನ್ನು ಬಿಚ್ಚಿ ತಂದು, ಆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂದೂಕಿನ ಬದಲಿಗೆ ಉದ್ದಕ್ಕೆ ಮಲಗಿಸಿ, ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟಳು.